ಹಸುರುನಾಡಿನ ಆಯವ್ಯಯ

ಕಳೆದ ಚೈತ್ರಮಾಸದಲ್ಲಿ ನನ್ನ ಮಿತ್ರರೊಬ್ಬರು ಒಂದು ಹಾಳೆಯನ್ನು ಹಿಡಿದುಕೊಂಡು ಮನೆಗೆ ಬಂದರು. ಅವರ ಮಗನಿಗೆ ನಾರ್ವೇ ದೇಶದ ಉತ್ತರದಂಚಿನ ಊರೊಂದರಲ್ಲಿ ಉದ್ಯೋಗ ದೊರೆತಿದ್ದಿತು. ಸಂಬಳ ಇಷ್ಟು, ಮನೆಬಾಡಿಗೆ ಇಷ್ಟು, ಮನೆಯನ್ನು ಬೆಚ್ಚಗಿಡುವುದಕ್ಕೆ ಇಷ್ಟು, ಉಣ್ಣೆಯ ಉಡುಪಿಗೆ ಇಷ್ಟು ಎಂದು ಆ ಹುಡುಗನು ಎರಡು ಅಂಕಣಗಳಲ್ಲಿ ಬರೆದು ಕಳುಹಿಸಿದ್ದನು. “ಮೇಷ್ಟ್ರೇ, ಇದು ಸರಿದೂಗುತ್ತದೆಯೇ ನೋಡಿ” ಎಂದು ಅವರು ಕೇಳಿದರು. ನಾನು ಸಂಸ್ಕೃತವನ್ನೂ ಚರಿತ್ರೆಯನ್ನೂ ಪಾಠಹೇಳಿದವನೇ ಹೊರತು ಗಣಿತದವನಲ್ಲ. ಆದರೂ ಕೂಡಿಸಿ ಕಳೆದು ನೋಡಲಾಗಿ ಲೆಕ್ಕವು ಸರಿಯಾಗಿಯೇ ಇದ್ದಿತು. ಆದರೆ ದೂರದ ಶೀತದೇಶದಲ್ಲಿ ಬಾಳುವುದಕ್ಕೆ ಬೀಳುವ ವೆಚ್ಚದಲ್ಲಿ ಕಾಗದದ ಮೇಲೆ ಬಾರದ ಬಾಬುಗಳು ಕೆಲವುಂಟು. ಈಗಿನ ನಾರ್ವೇ ಜನರ ಪೂರ್ವಿಕರ ಒಂದು ಶಾಖೆಯವರೇ ಸಾವಿರ ವರ್ಷಗಳ ಕೆಳಗೆ ಇದಕ್ಕಿಂತ ಎಷ್ಟೋ ಕ್ರೂರವಾದ ಹಿಮಭೂಮಿಯೊಂದರಲ್ಲಿ ಸುಮಾರು ನಾಲ್ಕೂವರೆ ಶತಮಾನಗಳ ಕಾಲ ಸಂಸಾರ ಹೂಡಿದ್ದರು. ಅವರ ಜಮಾಖರ್ಚನ್ನು ಯಾರೂ ಪುಸ್ತಕವಾಗಿ ಬರೆದಿಡಲಿಲ್ಲ. ಪೋಪರ ಕಾಗದಗಳು, ಐಸ್ಲೆಂಡಿನ ವರ್ಷಾನುಚರಿತೆಗಳು, ನೆಲದಡಿಯಲ್ಲಿ ದೊರೆತ ಎಲುಬು ಬಟ್ಟೆಗಳು, ಇವುಗಳಿಂದ ನಾವು ಅದನ್ನು ಬಹುಮಟ್ಟಿಗೆ ಮರಳಿ ಬರೆಯಬಹುದಾಗಿದೆ. ಆ ಲೆಕ್ಕವನ್ನು ವಾಚಕರ ಮುಂದಿಡುವುದೇ ಪ್ರಕೃತ ಲೇಖನದ ಉದ್ದೇಶ.

ಗ್ರೀನ್ಲೆಂಡು ಭೂಮಂಡಲದ ದ್ವೀಪಗಳಲ್ಲಿ ಅತಿ ದೊಡ್ಡದು. ಅದರ ಐದು ಪಾಲಿನಲ್ಲಿ ನಾಲ್ಕು ಪಾಲು ಹಿಮದ ಹೊದಿಕೆಯ ಕೆಳಗಿದೆ. ನಡುನಾಡಿನಲ್ಲಿ ಆ ಹಿಮದ ದಪ್ಪವು ಸುಮಾರು ಎರಡು ಮೈಲಿಯಷ್ಟಾಗುತ್ತದೆ. ನೈರುತ್ಯ ಕರಾವಳಿಯಲ್ಲಿ, ಸಮುದ್ರವು ನಾಲಗೆಯಂತೆ ಒಳನಾಡಿಗೆ ಚಾಚಿಕೊಂಡಿರುವ ಕಿರುಗೊಲ್ಲಿಗಳ ತುದಿಯಲ್ಲಿ ಮಾತ್ರ ಬೇಸಗೆಯ ಕೆಲವು ವಾರಗಳು ಹುಲ್ಲು ಬೆಳೆಯುತ್ತದೆ. ಈ ಹುಲ್ಲನ್ನು ಕಂಡವನು ‘ಕೆಂಪ’ನೆಂಬ ಅಡ್ಡಹೆಸರಿನ ಎರಿಕ್. ಕೊಲೆಯ ಅಪರಾಧಕ್ಕಾಗಿ ಐಸ್ಲೆಂಡಿನಿಂದ ಮೂರು ವರ್ಷಗಳ ಮಟ್ಟಿಗೆ ಬಹಿಷ್ಕೃತನಾಗಿದ್ದ ಈತನು ಆ ಮೂರು ವರ್ಷಗಳನ್ನೂ ಈ ಕರೆಯನ್ನು ಸುತ್ತಿನೋಡುವುದರಲ್ಲಿ ಕಳೆದನು. ಹಿಂದಿರುಗಿ ಬಂದು, ಒಳ್ಳೆಯ ಹೆಸರಿದ್ದರೆ ಜನರು ಬರಲು ಒಪ್ಪುವರೆಂದು ಅದಕ್ಕೆ ‘ಹಸುರುನಾಡು’ ಎಂದು ನಾಮಕರಣ ಮಾಡಿದನು. ಇದನ್ನು ನಮಗೆ ತಿಳಿಸುವವನು ಹನ್ನೆರಡನೆಯ ಶತಮಾನದ ಮೊದಲ ಭಾಗದಲ್ಲಿ ಐಸ್ಲೆಂಡಿನ ಚರಿತ್ರೆಯನ್ನು ಬರೆದ ಆರಿ ಎಂಬ ಪಂಡಿತನು. ಸ್ಥಳದ ಹೆಸರಿನಿಂದಲೇ ಸ್ಥಳವನ್ನು ಮಾರುವ ವಿದ್ಯೆ ನಮ್ಮ ಕಾಲದ ನಿವೇಶನದ ವ್ಯಾಪಾರಿಗಳು ಕಂಡುಹಿಡಿದುದಲ್ಲ. ಕ್ರಿ. ಶ. ೯೮೫ ಅಥವಾ ೯೮೬ರಲ್ಲಿ, ಎಂದರೆ ಶ್ರವಣಬೆಳಗೊಳದಲ್ಲಿ ಗೊಮ್ಮಟೇಶ್ವರನ ಮೂರ್ತಿಯು ಎದ್ದುನಿಂತ ಆ ದಶಕದಲ್ಲಿಯೇ, ಇಪ್ಪತ್ತೈದು ಹಡಗುಗಳು ದನಕರುಗಳನ್ನೂ ಮಕ್ಕಳುಮರಿಗಳನ್ನೂ ತುಂಬಿಕೊಂಡು ಐಸ್ಲೆಂಡಿನಿಂದ ಹೊರಟವು. ಹದಿನಾಲ್ಕು ಮಾತ್ರ ಮುಟ್ಟಿದವು. ಉಳಿದವುಗಳಲ್ಲಿ ಕೆಲವು ಹಿಂದಿರುಗಿದವು, ಕೆಲವು ಮುಳುಗಿದವು. ಲೆಕ್ಕದ ಮೊದಲನೆಯ ಬಾಬು ಇದು.

ಬಂದವರು ಎರಡು ಕಡೆ ನೆಲಸಿದರು. ದಕ್ಷಿಣದಲ್ಲಿದ್ದುದಕ್ಕೆ ಪೂರ್ವವಸತಿಯೆಂದೂ, ಅಲ್ಲಿಂದ ಸುಮಾರು ೩೦೦ ಮೈಲಿ ಉತ್ತರಕ್ಕೆ, ಈಗಿನ ನೂಕ್ ಪಟ್ಟಣದ ಸಮೀಪದಲ್ಲಿದ್ದುದಕ್ಕೆ ಪಶ್ಚಿಮವಸತಿಯೆಂದೂ ಹೆಸರು. ಹಳೆಯ ಬರಹಗಳಲ್ಲಿ ಮೊದಲನೆಯದರಲ್ಲಿ ೧೯೦ ಒಕ್ಕಲು, ಎರಡನೆಯದರಲ್ಲಿ ೯೦ ಒಕ್ಕಲು ಎಂದು ಹೇಳಿದೆ. ಎಷ್ಟು ಉದಾರವಾಗಿ ಎಣಿಸಿದರೂ ಎಲ್ಲರೂ ಸೇರಿ ಎರಡು ಮೂರು ಸಾವಿರ ಜನರಿಗೆ ಮೀರಿರಲಿಲ್ಲವೆಂಬುದು ಈಗಿನ ವಿದ್ವಾಂಸರಲ್ಲಿ ಅನೇಕರ ಮತ. ನಮ್ಮ ಕಡೆಯ ಒಂದು ದೊಡ್ಡ ಗ್ರಾಮದ ಜನಸಂಖ್ಯೆ ಅಷ್ಟಿರುತ್ತದೆ. ಈ ಸಂಖ್ಯೆಯನ್ನು ವಾಚಕರು ಮುಂದಿನ ಎಲ್ಲ ಮಾತಿನಲ್ಲಿಯೂ ನೆನಪಿನಲ್ಲಿಡಬೇಕು.

ಪಾಠಶಾಲೆಯಲ್ಲಿ ನಮಗೆ ಯೋಗಕ್ಷೇಮವೆಂಬ ಪದವನ್ನು ಬಿಡಿಸಿ ಹೇಳಿಕೊಡುತ್ತಿದ್ದರು: ಇಲ್ಲದುದನ್ನು ಸಂಪಾದಿಸುವುದು ಯೋಗ, ಇರುವುದನ್ನು ಕಾಪಾಡಿಕೊಳ್ಳುವುದು ಕ್ಷೇಮ. ಬೆಚ್ಚನೆಯ ನಾಡುಗಳಲ್ಲಿ ಎರಡೂ ಒಂದೇ ಗದ್ದೆಯ ಕೆಲಸದಲ್ಲಿ ಬೆರೆತಿರುವುದರಿಂದ ಈ ವಿಂಗಡಣೆಯು ಬರಿಯ ಶಬ್ದಚಮತ್ಕಾರವೆಂದು ಬಾಲ್ಯದಲ್ಲಿ ನನಗೆ ತೋರಿದ್ದಿತು. ಗ್ರೀನ್ಲೆಂಡಿನ ಚರಿತ್ರೆಯನ್ನು ಓದಿದ ಮೇಲೆ ಅದರ ಅರ್ಥವು ಸ್ಪಷ್ಟವಾಯಿತು. ಅಲ್ಲಿ ಕ್ಷೇಮವು ಒಂದು ದಿಕ್ಕಿನಲ್ಲಿ, ಯೋಗವು ಇನ್ನೊಂದು ದಿಕ್ಕಿನಲ್ಲಿ. ಎರಡಕ್ಕೂ ದೊರೆಯುವ ಕಾಲ ಒಂದೇ, ಆ ಅಲ್ಪವಾದ ಬೇಸಗೆ.

ಕ್ಷೇಮದ ಮೂಲ ಹುಲ್ಲು. ಈ ಜನರು ತಮ್ಮೊಡನೆ ಹಸು, ಕುರಿ, ಆಡುಗಳನ್ನು ತಂದಿದ್ದರು. ಧಾನ್ಯ ಬೆಳೆಯುವುದು ಹೆಚ್ಚುಕಡಮೆ ಅಸಾಧ್ಯವಾಗಿದ್ದ ಆ ನೆಲದಲ್ಲಿ ಹಾಲು, ಬೆಣ್ಣೆ, ಗಿಣ್ಣುಗಳೇ ಅವರ ಪಾಲಿನ ಬೆಳೆ. ಆದರೆ ಹಸುವು ವರ್ಷದಲ್ಲಿ ಏಳೆಂಟು ತಿಂಗಳು ಕೊಟ್ಟಿಗೆಯಿಂದ ಹೊರಗೆ ಬರುವಂತಿರಲಿಲ್ಲ. ಕಲ್ಲಿನಿಂದಲೂ ಹುಲ್ಲುಬೇರಿನ ಮಣ್ಣುಹೆಂಟೆಗಳಿಂದಲೂ ಕಟ್ಟಿದ ಬಲು ದಪ್ಪನಾದ ಗೋಡೆಗಳ ನಡುವೆ, ಬೆಳಕೇ ಇಲ್ಲದ ಇಕ್ಕಟ್ಟಿನಲ್ಲಿ ಅವು ಚಳಿಗಾಲವನ್ನು ಕಳೆಯುತ್ತಿದ್ದವು. ವಸಂತದಲ್ಲಿ ಬಾಗಿಲು ತೆರೆದಾಗ ಅವುಗಳಲ್ಲಿ ಕೆಲವಕ್ಕೆ ನಿಲ್ಲುವ ಶಕ್ತಿಯೂ ಇಲ್ಲದೆ, ಅವನ್ನು ಜನರು ಎತ್ತಿಕೊಂಡು ಹೋಗಿ ಹಸುರಿನ ಮೇಲೆ ಬಿಡಬೇಕಾಗುತ್ತಿತ್ತೆಂದು ವಿದ್ವಾಂಸರು ಹೇಳುತ್ತಾರೆ. ಗೋವನ್ನು ಸಾಕಿ ಬಲ್ಲ ಯಾರಿಗಾದರೂ ಈ ಚಿತ್ರವು ಮನಸ್ಸಿನಿಂದ ಮಾಸುವಂತಹುದಲ್ಲ. ಅಷ್ಟು ತಿಂಗಳ ಒಣಹುಲ್ಲನ್ನು ಕೆಲವೇ ವಾರಗಳಲ್ಲಿ ಕೊಯ್ದು, ಒಣಗಿಸಿ, ಕೂಡಿಡಬೇಕು. ಒಂದು ಬೇಸಗೆ ಮಳೆ ಹೆಚ್ಚಾದರೂ, ಹಿಮ ತಡವಾಗಿ ಕರಗಿದರೂ ಮುಂದಿನ ವಸಂತಕ್ಕೆ ಹಟ್ಟಿಯಲ್ಲಿ ಎಷ್ಟು ತಲೆ ಉಳಿಯುವುವೆಂಬುದು ಆಗಲೇ ನಿಶ್ಚಯವಾದಂತೆ. ಬಿಷಪ್ಪನ ಪೀಠವಿದ್ದ ಗಾರ್ಡರ್ ಎಂಬಲ್ಲಿ ಸುಮಾರು ನೂರು ಹಸುಗಳನ್ನು ಕಟ್ಟುವಷ್ಟು ಕೊಟ್ಟಿಗೆಗಳಿದ್ದವು. ಹುಲ್ಲುಗಾವಲಿಗೆ ನೀರು ಹಾಯಿಸುವುದಕ್ಕಾಗಿ ಒಡ್ಡು ಕಟ್ಟಿ ಕಾಲುವೆ ತೆಗೆದಿದ್ದರು. ಹಿಮದ ನಾಡಿನಲ್ಲಿ ನೀರಾವರಿ! ನಮ್ಮ ಕೆರೆಕಾಲುವೆಗಳ ಜನರು ಕೇಳಿ ಆಶ್ಚರ್ಯಪಡತಕ್ಕ ಸಂಗತಿಯಿದು. ಬಡ ಒಕ್ಕಲುಗಳಲ್ಲಾದರೋ ನಾಲ್ಕೈದು ಹಸುಗಳಿದ್ದರೆ ಹೆಚ್ಚು.

ಯೋಗದ ದಾರಿ ಉತ್ತರಕ್ಕೆ. ಕಬ್ಬಿಣವು ಆ ನಾಡಿನಲ್ಲಿ ದೊರೆಯುತ್ತಿರಲಿಲ್ಲ. ಹಡಗು ಕಟ್ಟುವಂತಹ ಮರವೂ ಬೆಳೆಯುತ್ತಿರಲಿಲ್ಲ. ಕಡಲು ದಡಕ್ಕೆ ತಂದುಹಾಕುವ ಮರದ ತುಂಡುಗಳೂ ಕುರುಚಲು ಗಿಡಗಳೂ ಮನೆಯ ಸಾಮಾನಿಗೆ ಸಾಕು, ಹಡಗಿಗೆ ಸಾಲದು. ಎರಿಕನ ಮಗನ ಕಾಲದಲ್ಲಿಯೇ ಇವರು ಸಾಗರವನ್ನು ದಾಟಿ ಅಮೆರಿಕಾ ಖಂಡದ ದಡವನ್ನು ಮುಟ್ಟಿದ್ದರೆಂಬುದು ಪ್ರಸಿದ್ಧವಾಗಿದೆ. ನ್ಯೂಫೌಂಡ್ಲೆಂಡಿನಲ್ಲಿ ನಾರ್ಸ್ ಜನರು ಕಡಿದ ಮರದ ತುಂಡುಗಳ ವರ್ಷವು ೧೦೨೧ ಎಂದು ಈಚೆಗೆ, ೨೦೨೧ರಲ್ಲಿ, ಮರದ ಉಂಗುರಗಳನ್ನು ಎಣಿಸಿ ಖಚಿತಪಡಿಸಿದ್ದಾರೆ. ಮರಕ್ಕಾಗಿ ಆ ಕಡೆಗೆ ಹೋಗುವ ವಾಡಿಕೆಯು ಬಹುಕಾಲ ನಿಲ್ಲಲಿಲ್ಲ. ೧೩೪೭ರಷ್ಟು ಈಚೆಗೆ, ಮಾರ್ಕ್ಲೆಂಡಿಗೆ ಹೋಗಿದ್ದ ಗ್ರೀನ್ಲೆಂಡಿನ ಒಂದು ಸಣ್ಣ ಹಡಗು ಲಂಗರನ್ನೂ ಕಳೆದುಕೊಂಡು ಐಸ್ಲೆಂಡಿನ ದಡಕ್ಕೆ ಬಂದು ಸೇರಿತೆಂದು ಅಲ್ಲಿನ ವರ್ಷಾನುಚರಿತೆಯಲ್ಲಿದೆ. ಆದರೆ ಕಬ್ಬಿಣವನ್ನು ನಾರ್ವೇಯಿಂದಲೇ ತರಬೇಕು. ತರುವುದಕ್ಕೆ ಕೊಡಲು ಏನಾದರೂ ಬೇಕು. ಅದೇ ವಾಲ್ರಸ್ ಎಂಬ ಕಡಲಪ್ರಾಣಿಯ ಕೋರೆಹಲ್ಲು.

ಈ ಪ್ರಾಣಿಗಳು ಹಿಂಡುಹಿಂಡಾಗಿ ನೆರೆಯುವ ತಾವು ಪೂರ್ವವಸತಿಯಿಂದ ಸುಮಾರು ೬೦೦ ಮೈಲಿ ಉತ್ತರದ ಡಿಸ್ಕೋ ಕೊಲ್ಲಿಯ ಸುತ್ತಮುತ್ತ. ನಾರ್ಸ್ ಜನರು ಅದನ್ನು ಉತ್ತರಬೀಡು ಎಂಬರ್ಥದ ಹೆಸರಿನಿಂದ ಕರೆಯುತ್ತಿದ್ದರು. ಆರು ಹುಟ್ಟುಗಳ ತೆರೆದ ದೋಣಿಗಳಲ್ಲಿ, ತೇಲುವ ಹಿಮಬಂಡೆಗಳ ನಡುವೆ, ವಾರಗಟ್ಟಲೆ ಹುಟ್ಟುಹಾಕಿ ಅಲ್ಲಿಗೆ ಮುಟ್ಟಬೇಕು. ಟನ್ನುಗಟ್ಟಲೆ ತೂಕದ ಪ್ರಾಣಿಯನ್ನು ಭಲ್ಲೆಯಿಂದ ಇರಿದು ಕೊಲ್ಲಬೇಕು. ಶಿರದ ಮುಂಭಾಗವನ್ನು ಮಾತ್ರ ಕಡಿದುಕೊಂಡು, ಚರ್ಮವನ್ನು ಸುಲಿದುಕೊಂಡು, ಕಡಲು ಹೆಪ್ಪುಗಟ್ಟುವ ಮುನ್ನ ಹಿಂದಿರುಗಬೇಕು. ೧೮೨೪ರಲ್ಲಿ ಉಪರ್ನವಿಕ್ ಊರಿನ ಬಳಿ, ಹೆಚ್ಚುಕಡಮೆ ೭೩ನೆಯ ಉತ್ತರ ಅಕ್ಷಾಂಶದಲ್ಲಿ, ಅಂಗೈಯಗಲದ ಒಂದು ಕಲ್ಲು ದೊರೆಯಿತು. ಎರ್ಲಿಂಗ್, ಬ್ಯಾರ್ನಿ, ಐಂದ್ರಿದಿ ಎಂಬ ಮೂವರು ವಸಂತಕಾಲದ ಒಂದು ವ್ರತದಿನಕ್ಕೆ ಮುಂಚಿನ ಶನಿವಾರ ಅಲ್ಲಿ ಕಲ್ಲುಗುಪ್ಪೆಗಳನ್ನು ಒಟ್ಟಿದರೆಂದು ರೂನ್ ಲಿಪಿಯಲ್ಲಿ ಅದರ ಮೇಲೆ ಕೆತ್ತಿದೆ. ವಸಂತದಲ್ಲಿ ಅಷ್ಟು ದೂರ ಮುಟ್ಟುವುದು ಆ ದೋಣಿಗಳಿಗೆ ಸಾಧ್ಯವಿಲ್ಲ. ಆದಕಾರಣ ಅವರು ಹಿಂದಿನ ಚಳಿಗಾಲವನ್ನು ಅಲ್ಲಿಯೇ ಕಳೆದಿರಬೇಕು. ಅವರು ಮನೆಗೆ ಹಿಂದಿರುಗಿದರೋ ಇಲ್ಲವೋ ಕಲ್ಲು ಹೇಳುವುದಿಲ್ಲ.

ಇಲ್ಲಿ ಲೆಕ್ಕದ ನಿಜವಾದ ಗಂಟು ಇದೆ. ಎರಡು ಮೂರು ಸಾವಿರ ಜನರಲ್ಲಿ ದೋಣಿಯನ್ನು ನಡೆಸಬಲ್ಲ ಗಂಡಸರು ಕೆಲವು ನೂರು ಮಾತ್ರ. ಅವರು ಉತ್ತರಕ್ಕೆ ಹೋಗುವ ವಾರಗಳೇ ಹುಲ್ಲು ಕೊಯ್ಯುವ ವಾರಗಳು. ಹೋದರೆ ಹುಲ್ಲಿಲ್ಲ; ಹೋಗದಿದ್ದರೆ ಕಬ್ಬಿಣವಿಲ್ಲ, ಕಬ್ಬಿಣವಿಲ್ಲದಿದ್ದರೆ ಹುಲ್ಲು ಕೊಯ್ಯುವ ಕುಡುಗೋಲೂ ಇಲ್ಲ. ಒಂದು ದೋಣಿ ಮುಳುಗಿದರೆ ಆರು ಮನೆಗಳಲ್ಲಿ ಆ ವರ್ಷ ಕೊಯ್ಲಿನ ಕೈಯಿಲ್ಲ. ಬೆಳ್ಳಿ ಬಂಗಾರಗಳಲ್ಲಿ ಬೆಲೆಕಟ್ಟಲಾಗದ ಈ ನಾಣ್ಯ, ಎಂದರೆ ಬೇಸಗೆಯ ದಿನಗಳು, ಎಷ್ಟು ವೆಚ್ಚವಾಗುತ್ತಿದ್ದಿತೆಂಬುದನ್ನು ಕುಳಿತು ಎಣಿಸಿದರೆ ಚಳಿಗಿಂತ ಹೆಚ್ಚಾಗಿ ಅದೇ ಅವರನ್ನು ಸವೆಸಿತೆಂದು ನನಗೆ ತೋರುತ್ತದೆ. ಮಿತ್ರರ ಮಗನ ಹಾಳೆಯಲ್ಲಿ ಈ ಬಾಬು ಇರಲಿಲ್ಲ. ನಾನು ಅದನ್ನು ಸೂಚಿಸಿದಾಗ, ಈಗ ಅಲ್ಲಿಗೆ ದಿನವಹಿ ವಿಮಾನಗಳಿವೆಯೆಂದು ಅವರು ನಕ್ಕರು. ಇರಬಹುದು.

ಕೋರೆಹಲ್ಲಿನ ವ್ಯಾಪಾರವು ಉತ್ತಮ ಕಾಲದಲ್ಲಿ ಬಹಳ ಲಾಭಕರವಾಗಿದ್ದಿತು. ಹನ್ನೆರಡನೆಯ ಶತಮಾನದ ಯೂರೋಪಿನಲ್ಲಿ ಆನೆಯ ದಂತವು ದುರ್ಲಭವಾಗಿದ್ದುದರಿಂದ ದೊಡ್ಡ ದೊಡ್ಡ ದೇವಾಲಯಗಳ ಕೆತ್ತನೆಗಳಿಗೂ ಪ್ರಭುಗಳ ವಿನೋದವಸ್ತುಗಳಿಗೂ ಇದೇ ದಂತವು ಬೇಕಾಯಿತು. ಸ್ಕಾಟ್ಲೆಂಡಿನ ಲೂಯಿಸ್ ದ್ವೀಪದಲ್ಲಿ ೧೮೩೧ರಲ್ಲಿ ದೊರೆತ ಚದುರಂಗದ ಕಾಯಿಗಳು ಬಹುಪಾಲು ವಾಲ್ರಸ್ ದಂತದವೇ. ನಮ್ಮ ದೇಶದಲ್ಲಿ ಹುಟ್ಟಿ ಪಾರಸೀಕರ, ಅರಬರ ಕೈ ದಾಟಿ ಹೋದ ಆಟವು ಅಲ್ಲಿ ಹಿಮಸಮುದ್ರದ ಪ್ರಾಣಿಯ ಹಲ್ಲಿನಲ್ಲಿ ಮೂರ್ತಿತಾಳಿದೆ. ಮೂಲದಲ್ಲಿ ಆನೆಯಿದ್ದ ಮನೆಯಲ್ಲಿ ದಂಡಹಿಡಿದ ಬಿಷಪ್ಪನು ನಿಂತಿದ್ದಾನೆ. ವಾಲ್ರಸ್ ತೊಗಲನ್ನು ಸುತ್ತುಸುತ್ತಾಗಿ ಕೊಯ್ದು ಮಾಡಿದ ಹಗ್ಗವೂ ಹಡಗಿನವರಿಗೆ ಬಹು ಪ್ರಿಯವಾಗಿದ್ದಿತು. ಅರುವತ್ತು ಜನ ಎಳೆದರೂ ಅದು ಹರಿಯದೆಂದು ‘ರಾಜದರ್ಪಣ’ವೆಂಬ ನಾರ್ವೇ ಭಾಷೆಯ ಗ್ರಂಥದಲ್ಲಿ ಹೇಳಿದೆ.

ಈ ಗ್ರಂಥದ ಮಾತು ಬಂದುದರಿಂದ ಎರಡು ಮಾತು ಹೆಚ್ಚಾಗಿ ಹೇಳುತ್ತೇನೆ. ಅದು ಸುಮಾರು ೧೨೫೦ರಲ್ಲಿ ತಂದೆಮಕ್ಕಳ ಸಂವಾದರೂಪವಾಗಿ ರಚಿತವಾದುದು. ನಮ್ಮ ನೀತಿಗ್ರಂಥಗಳ ಪರಿಚಯವುಳ್ಳವರಿಗೆ ಅದರ ಧಾಟಿ ಹೊಸದೆನಿಸದು. ಇಷ್ಟು ಅಪಾಯದ ದೇಶಕ್ಕೆ ಜನರು ಏಕೆ ಹೋಗುತ್ತಾರೆಂದು ಮಗನು ಕೇಳುತ್ತಾನೆ. ಕೀರ್ತಿ, ಕುತೂಹಲ, ಲಾಭ ಎಂಬ ಮೂರು ಕಾರಣಗಳನ್ನು ತಂದೆ ಹೇಳುತ್ತಾನೆ. ನಾಡನ್ನು ರೂಢಿಸಿಕೊಳ್ಳಲು ಬೇಕಾದ ಕಬ್ಬಿಣವನ್ನೂ ಮನೆಕಟ್ಟುವ ಮರವನ್ನೂ ಹೊರಗಿನಿಂದಲೇ ಕೊಳ್ಳಬೇಕಾದುದರಿಂದ ಅಲ್ಲಿ ವ್ಯಾಪಾರಿಗೆ ಒಳ್ಳೆಯ ಲಾಭವೆಂದೂ, ಅಲ್ಲಿಯ ಬಹುಜನರಿಗೆ ರೊಟ್ಟಿಯೆಂದರೆ ಏನೆಂದೇ ತಿಳಿಯದೆಂದೂ ಆತನು ವಿವರಿಸುತ್ತಾನೆ. ತಂದೆ ಕೊಟ್ಟುದು ಹೋಗಿಬರುವ ವ್ಯಾಪಾರಿಯ ಕಾರಣಗಳು. ಅಲ್ಲಿಯೇ ಹುಟ್ಟಿ, ಅಲ್ಲಿಯೇ ಹೆತ್ತು, ಅಲ್ಲಿಯೇ ಮಣ್ಣಾದವರಿಗೆ ಕೀರ್ತಿಯೂ ಬೇಕಿರಲಿಲ್ಲ, ಕುತೂಹಲವೂ ಇರಲಿಲ್ಲ. ಅದು ಅವರ ಊರು. ಆ ಉತ್ತರವು ದರ್ಪಣದಲ್ಲಿ ಮೂಡಿಲ್ಲ.

ಇನ್ನು ಧರ್ಮದ ವೆಚ್ಚ. ಕ್ರಿ. ಶ. ೧೦೦೦ದ ಸುಮಾರಿಗೆ ಕ್ರೈಸ್ತಮತವು ಅಲ್ಲಿಗೆ ಹೋಯಿತು. ತಮಗೊಬ್ಬ ಬಿಷಪ್ ಬೇಕೆಂದು ಬೇಡುವುದಕ್ಕಾಗಿ ಐನಾರ್ ಎಂಬ ಮುಖಂಡನು ನಾರ್ವೇಯ ಅರಸ ಸಿಗುರ್ಡನ ಬಳಿಗೆ ಜೀವಂತವಾದ ಒಂದು ಕರಡಿಯನ್ನು ಕಾಣಿಕೆಯಾಗಿ ಕೊಂಡೊಯ್ದನೆಂಬ ಕಥೆಯುಂಟು. ೧೧೨೪ರಲ್ಲಿ ಆರ್ನಾಲ್ಡನೆಂಬುವನು ಬಿಷಪ್ಪನಾಗಿ ನಿಯಮಿತನಾದನು. ಗಾರ್ಡರಿನಲ್ಲಿ ಕೆಂಪುಕಲ್ಲಿನ ದೇವಾಲಯವೆದ್ದಿತು. ೧೯೨೬ರಲ್ಲಿ ಡೆನ್ಮಾರ್ಕಿನ ಪುರಾತತ್ತ್ವಜ್ಞ ಪೌಲ್ ನೋರ್ಲುಂಡರು ಅಲ್ಲಿ ಅಗೆದಾಗ ದೇವಾಲಯದ ಆವರಣದಲ್ಲಿ ಇಪ್ಪತ್ತಕ್ಕೂ ಮೇಲ್ಪಟ್ಟು ವಾಲ್ರಸ್ ತಲೆಬುರುಡೆಗಳು ದೊರೆತವು. ಒಬ್ಬ ಬಿಷಪ್ಪನ ಅಸ್ಥಿಪಂಜರವು ಬೆರಳಿನ ಉಂಗುರದೊಡನೆಯೂ, ವಾಲ್ರಸ್ ದಂತದಿಂದ ಕೆತ್ತಿದ ಹಿಡಿಯುಳ್ಳ ದಂಡದೊಡನೆಯೂ ದೊರೆಯಿತು. ಎಲ್ಲಕ್ಕೂ ಆ ಹಲ್ಲೇ ಆಧಾರ. ರೋಮಿನ ಪೀಠಕ್ಕೆ ಸಲ್ಲಬೇಕಾದ ದಶಮಾಂಶವೂ ಅದರಲ್ಲಿಯೇ ಸಲ್ಲುತ್ತಿದ್ದಿತು. ೧೨೮೨ರಲ್ಲಿ ಪೋಪ್ ನಾಲ್ಕನೆಯ ಮಾರ್ಟಿನನು ಬರೆದ ಕಾಗದವೊಂದಿದೆ: ಗ್ರೀನ್ಲೆಂಡಿನ ದಶಮಾಂಶವು ದನದ ತೊಗಲು, ಸೀಲ್ ತೊಗಲು, ಹಲ್ಲು, ಹಗ್ಗಗಳ ರೂಪದಲ್ಲಿ ಬರುತ್ತಿದ್ದು ಸರಿಯಾದ ಬೆಲೆಗೆ ಮಾರಾಟವಾಗುತ್ತಿಲ್ಲವೆಂಬ ದೂರಿಗೆ, ಅವನ್ನು ಬೆಳ್ಳಿ ಬಂಗಾರವಾಗಿ ಪರಿವರ್ತಿಸಿ ಕಳುಹಿಸಿರೆಂದು ಅದರಲ್ಲಿ ಅಪ್ಪಣೆಯಾಗಿದೆ. ಎರ್ಲಿಂಗ್, ಬ್ಯಾರ್ನಿಗಳ ಒಂದು ಚಳಿಗಾಲವು ರೋಮಿನ ಕರಣಿಕನ ಪುಸ್ತಕದಲ್ಲಿ ಮಾರಾಟವಾಗದ ಸರಕು!

ಇದನ್ನೆಲ್ಲ ಕಂಡು, ಹೊಟ್ಟೆಗಿಲ್ಲದ ಜನರು ದೇವಾಲಯಕ್ಕೂ ಬಿಷಪ್ಪನಿಗೂ ಇಷ್ಟು ವೆಚ್ಚಮಾಡಿದುದು ಅವಿವೇಕವೆಂದು ಹೇಳುವವರು ಉಂಟು. ನಾನು ಅಷ್ಟು ಸುಲಭವಾಗಿ ಹೇಳಲಾರೆ. ವಿವಾಹ, ದಾಯಭಾಗ, ಅಂತ್ಯಸಂಸ್ಕಾರಗಳು ಹತ್ತು ಜನರ ಮುಂದೆ ಸಕ್ರಮವೆನಿಸುವುದಕ್ಕೆ ಪುರೋಹಿತನು ಬೇಕು. ಪುರೋಹಿತನಿಗೆ ದೀಕ್ಷೆಕೊಡಲು ಬಿಷಪ್ಪನು ಬೇಕು. ಅಲ್ಲದೆ ಬಿಷಪ್ಪನ ಪೀಠವಿದ್ದುದರಿಂದಲೇ ನಾರ್ವೇಯಿಂದ ಹಡಗು ಬರುವ ಒಂದು ಕಟ್ಟುಪಾಡು ನಿಂತಿದ್ದಿತು. ದ್ರಾಕ್ಷಿಯ ಗಂಧವೇ ಇಲ್ಲದ ನಾಡಿನಲ್ಲಿ ಪೂಜೆಗೆ ಬೇಕಾದ ದ್ರಾಕ್ಷಾರಸಕ್ಕೂ ಅವರು ಉಪಾಯ ಹುಡುಕುತ್ತಿದ್ದರು. ೧೨೦೩ರಲ್ಲಿ ಗ್ರೀನ್ಲೆಂಡಿನ ಬಿಷಪ್ ಯೋನನು ಐಸ್ಲೆಂಡಿನವರಿಗೆ ಕಾಡುಹಣ್ಣಿನಿಂದ ಮದ್ಯವನ್ನು ಮಾಡುವ ಕ್ರಮವನ್ನು ಕಲಿಸಿಕೊಟ್ಟನಂತೆ. ಆಪತ್ಕಾಲದಲ್ಲಿ ಮುಖ್ಯದ್ರವ್ಯಕ್ಕೆ ಪ್ರತಿನಿಧಿದ್ರವ್ಯವನ್ನು ಬಳಸುವ ವಿಚಾರವು ನಮ್ಮ ಮೀಮಾಂಸಕರಿಗೂ ಅಪರಿಚಿತವಲ್ಲ.

ಹದಿಮೂರನೆಯ ಶತಮಾನದಿಂದ ಲೆಕ್ಕದ ಎರಡು ಪಕ್ಕಗಳೂ ಕೆಡತೊಡಗಿದವು. ಚಳಿ ಹೆಚ್ಚಿತು, ಸಮುದ್ರದಲ್ಲಿ ತೇಲುಹಿಮವು ದಟ್ಟವಾಯಿತು. ಆಫ್ರಿಕಾದ ಆನೆಯ ದಂತವು ಯೂರೋಪಿನ ಪೇಟೆಗಳಿಗೆ ಯಥೇಚ್ಛವಾಗಿ ಬರಲಾರಂಭಿಸಿತು. ಅದರ ಮುಂದೆ ವಾಲ್ರಸ್ ಹಲ್ಲನ್ನು ಕೇಳುವವರು ಕಡಮೆಯಾದರು. ಈಗಿನ ವಿಜ್ಞಾನಿಗಳು ಯೂರೋಪಿನಲ್ಲಿ ಉಳಿದಿರುವ ಹಳೆಯ ವಾಲ್ರಸ್ ಎಲುಬುಗಳನ್ನು ಪರೀಕ್ಷಿಸಿ ೨೦೨೦ರಲ್ಲಿ ಪ್ರಕಟಿಸಿದ ಫಲಿತಾಂಶವು ಮನಮುಟ್ಟುವಂತಹುದು: ಕಾಲಕ್ರಮದಲ್ಲಿ ಆ ಪ್ರಾಣಿಗಳು ಚಿಕ್ಕವಾಗುತ್ತವೆ, ಹೆಣ್ಣುಗಳೇ ಹೆಚ್ಚಾಗುತ್ತವೆ, ಇನ್ನೂ ಉತ್ತರದಿಂದ ಬಂದುವಾಗುತ್ತವೆ. ಎಂದರೆ ದೊಡ್ಡ ಗಂಡುಪ್ರಾಣಿಗಳು ಮುಗಿದಿದ್ದವು. ಬೆಲೆ ಇಳಿಯಿತು, ಇಳಿದ ಬೆಲೆಯನ್ನು ಸರಿದೂಗಿಸಲು ಹೆಚ್ಚು ಹಲ್ಲು ಬೇಕಾಯಿತು, ಹೆಚ್ಚು ಹಲ್ಲಿಗಾಗಿ ಹೆಚ್ಚು ದೂರ ಹೋಗಬೇಕಾಯಿತು, ಹುಲ್ಲಿನ ವಾರಗಳು ಇನ್ನೂ ಕಡಮೆಯಾದವು. ೧೩೪೯ರಲ್ಲಿ ನಾರ್ವೇಯ ಬೆರ್ಗೆನ್ ರೇವಿಗೆ ಮಹಾಮಾರಿಯು ಬಂದಿಳಿಯಿತು. ಆ ದೇಶದ ಜನರಲ್ಲಿ ಅರ್ಧದಷ್ಟು ಅಥವಾ ಅದಕ್ಕೂ ಹೆಚ್ಚು ನಾಶವಾದರು. ಗ್ರೀನ್ಲೆಂಡಿನೊಡನೆ ವ್ಯಾಪಾರವು ಅರಸನ ಅಪ್ಪಣೆಯಿಲ್ಲದೆ ನಡೆಯಕೂಡದೆಂಬ ಕಟ್ಟಳೆಯಿದ್ದಿತು. ಅರಸನ ಹಡಗೋ ೧೩೬೦ರ ದಶಕದ ಕೊನೆಗೆ ಮುಳುಗಿತು. ಗಾರ್ಡರಿನಲ್ಲಿ ವಾಸಮಾಡಿದ ಕಡೆಯ ಬಿಷಪ್ ಆಲ್ಫ್ ಎಂಬುವನು ತೀರಿಕೊಂಡ ಸುದ್ದಿಯನ್ನು ೧೩೮೩ರಲ್ಲಿ ಒಂದು ಹಡಗು ನಾರ್ವೇಗೆ ತಂದಿತು. ಆಗ ಆತನು ಸತ್ತು ಆರು ವರ್ಷಗಳಾಗಿದ್ದವು. ಅವನ ತರುವಾಯ ಬಿಷಪ್ಪರೆಂದು ಹೆಸರು ಹೊತ್ತವರಾರೂ ಅಲ್ಲಿಗೆ ಹೋಗಲಿಲ್ಲ.

ಈ ಜನರು ತಮ್ಮ ಹಸುವನ್ನೂ ದೇವಾಲಯವನ್ನೂ ಬಿಡಲೊಲ್ಲದೆ, ನೆರೆಯ ಇನೂಯಿಟ್ ಜನರಿಂದ ಬದುಕುವ ಬಗೆಯನ್ನು ಕಲಿಯಲೊಲ್ಲದೆ ಹಟದಿಂದ ನಾಶವಾದರೆಂಬ ಮತವು ಬಹುಪ್ರಚಾರದಲ್ಲಿದೆ. ಅಮೆರಿಕದ ಜೇರೆಡ್ ಡೈಮಂಡರು ೨೦೦೫ರಲ್ಲಿ ಪ್ರಕಟಿಸಿದ ಗ್ರಂಥದಿಂದ ಇದು ಎಲ್ಲೆಡೆಗೂ ಹರಡಿತು. ಇದರಲ್ಲಿ ಸತ್ಯಾಂಶವಿಲ್ಲವೆಂದಲ್ಲ. ಚಳಿಗಾಲದಲ್ಲಿ ಹಿಮದ ಕಿಂಡಿಯ ಬಳಿ ಕಾದುನಿಂತು ಈಟಿಯಿಂದ ಸೀಲನ್ನು ಹಿಡಿಯುವ ಇನೂಯಿಟ್ ವಿದ್ಯೆಯನ್ನಾಗಲ್ಲಿ, ಅವರ ತೊಗಲುದೋಣಿಯನ್ನಾಗಲಿ ನಾರ್ಸ್ ಜನರು ಕೈಕೊಂಡ ಕುರುಹಿಲ್ಲ. ಆದರೆ ಅವರ ಸಮಾಧಿಗಳ ಎಲುಬುಗಳು ಬೇರೊಂದು ಸಾಕ್ಷ್ಯವನ್ನು ಹೇಳುತ್ತವೆ. ಮೊದಲ ತಲೆಮಾರುಗಳವರ ಆಹಾರದಲ್ಲಿ ಕಡಲಿನ ಪಾಲು ಶೇಕಡಾ ೨೦ರಷ್ಟಿದ್ದುದು, ಕಡೆಯವರಲ್ಲಿ ಶೇಕಡಾ ೮೦ರವರೆಗೂ ಏರಿತ್ತೆಂದು ೧೯೯೯ರ ಪರೀಕ್ಷೆಯಿಂದ ತಿಳಿದುಬಂದಿತು. ಹಸುವಿನ ಹಾಲಿನ ಜಾಗದಲ್ಲಿ ಸೀಲಿನ ಮಾಂಸವು ಬಂದಿದ್ದಿತು. ಅವರ ಹೆಂಗಸರು ನೇಯ್ದ ಉಣ್ಣೆಬಟ್ಟೆಗಳನ್ನು ಪರೀಕ್ಷಿಸಿದವರು, ಚಳಿ ಹೆಚ್ಚಿದಂತೆಲ್ಲ ಹೊಕ್ಕಿನ ಎಳೆಗಳನ್ನು ಒತ್ತೊತ್ತಾಗಿ ಸೇರಿಸಿ ಬಟ್ಟೆಯನ್ನು ಹೆಚ್ಚು ಬೆಚ್ಚಗೆ ಮಾಡಿದುದನ್ನು ಕಂಡಿದ್ದಾರೆ. ಮಗ್ಗದ ಮುಂದೆ ನಿಂತ ಆ ಗೃಹಿಣಿಯರು ಹವೆಯನ್ನು ಯಾವ ವಿದ್ವಾಂಸನಿಗಿಂತಲೂ ಚೆನ್ನಾಗಿ ಬಲ್ಲವರಾಗಿದ್ದರು. ಕಲಿಯಲೊಲ್ಲದವರೆಂದು ಅವರನ್ನು ಕರೆಯುವುದು ನ್ಯಾಯವಲ್ಲ. ಅವರು ಉಣಿಸನ್ನು ಬದಲಿಸಿದರು, ಉಡುಪಿನ ನೂಲನ್ನು ಬದಲಿಸಿದರು. ತಾವು ಯಾರೆಂಬುದನ್ನು ಮಾತ್ರ ಬದಲಿಸಲಿಲ್ಲ. ಆ ವೆಚ್ಚವನ್ನು ಕಡಿದಿದ್ದರೆ ಉಳಿಯುತ್ತಿದ್ದವರು ಬೇರೆ ಜನ.

ಪಶ್ಚಿಮವಸತಿ ಮೊದಲು ಬರಿದಾಯಿತು. ೧೩೪೧ರಲ್ಲಿ ನಾರ್ವೇಯಿಂದ ಹೊರಟ ಐವರ್ ಬಾರ್ಡರ್ಸನ್ ಎಂಬ ಪುರೋಹಿತನು ಗ್ರೀನ್ಲೆಂಡಿನಲ್ಲಿದ್ದ ಕಾಲದಲ್ಲಿ ಅಲ್ಲಿಗೆ ಹೋಗಿನೋಡಲಾಗಿ ಮನುಷ್ಯರಾರೂ ಇರದೆ ದಿಕ್ಕಿಲ್ಲದೆ ಅಲೆಯುವ ದನಕುರಿಗಳು ಮಾತ್ರ ಇದ್ದವೆಂದು ಅವನ ವರದಿಯಲ್ಲಿದೆ. ಆ ಪ್ರಾಂತದ ಒಂದು ಮನೆಯನ್ನು ಇಪ್ಪತ್ತನೆಯ ಶತಮಾನದಲ್ಲಿ ಅಗೆದಾಗ ಕಡೆಯ ಪದರದಲ್ಲಿ ಬೇಟೆನಾಯಿಯ ಎಲುಬುಗಳು ದೊರೆತವು. ಅವುಗಳ ಮೇಲೆ ಚೂರಿಯ ಗೆರೆಗಳಿದ್ದವು. ನಾಯಿಯನ್ನು ಕೊಯ್ಯುವ ದಿನವು ಆ ಮನೆಗೆ ಬಂದಿದ್ದಿತು. ಇದಕ್ಕೆ ವ್ಯಾಖ್ಯಾನ ಬೇಕಿಲ್ಲ.

ಪೂರ್ವವಸತಿಯು ಇನ್ನೂ ನೂರು ವರ್ಷಗಳಷ್ಟು ಕಾಲ ನಡೆಯಿತು. ಹೆರ್ಯೊಲ್ಫ್ಸ್‌ನೆಸ್ ಎಂಬ ಕಡಲಂಚಿನ ಶ್ಮಶಾನವನ್ನು ೧೯೨೧ರಲ್ಲಿ ನೋರ್ಲುಂಡರು ಅಗೆದರು. ಹೆಪ್ಪುಗಟ್ಟಿದ ನೆಲದಲ್ಲಿ ಉಣ್ಣೆಯ ನಿಲುವಂಗಿಗಳೂ ಉದ್ದ ಬಾಲದ ಕುಲಾವಿಗಳೂ ಕೆಡದೆ ಉಳಿದಿದ್ದವು. ಪೆಟ್ಟಿಗೆ ಮಾಡಲು ಮರ ಸಾಲದ್ದರಿಂದ ಎಷ್ಟೋ ಜನರನ್ನು ಹಳೆಯ ಉಡುಪುಗಳಲ್ಲಿಯೇ ಸುತ್ತಿ ಹೂಳಿದ್ದರು. ಆ ಕುಲಾವಿಗಳ ಕತ್ತರಿಕೆ ಆಗಿನ ಯೂರೋಪಿನ ಪಟ್ಟಣಗಳ ರೂಢಿಯದು. ವರ್ಷಗಟ್ಟಲೆ ಹಡಗು ಕಾಣದ ಊರಿನ ಹೆಂಗಸು, ಬಂದ ಯಾವನೋ ನಾವಿಕನ ತಲೆಯುಡುಪನ್ನು ನೋಡಿಟ್ಟುಕೊಂಡು ತನ್ನ ಮಗನಿಗೂ ಅಂತಹುದನ್ನೇ ಹೊಲಿದಿದ್ದಳು. ಅದೇ ಶ್ಮಶಾನದ ಒಂದು ಪೆಟ್ಟಿಗೆಯಲ್ಲಿ ಶವವೇ ಇರಲಿಲ್ಲ. ಗುಡ್ವೇಗ್ ಎಂಬ ಹೆಂಗಸನ್ನು ಗ್ರೀನ್ಲೆಂಡಿನ ಸಮುದ್ರದಲ್ಲಿ ಬಿಡಲಾಯಿತೆಂದು ಕೆತ್ತಿದ ಒಂದು ಕಡ್ಡಿ ಮಾತ್ರ ಇದ್ದಿತು. ಹಡಗಿನಲ್ಲಿ ಸತ್ತವಳಿಗೆ ನೆಲದಲ್ಲಿ ಒಂದು ಗುಂಡಿ ಇರಲೆಂದು ಅಷ್ಟು ದುರ್ಲಭವಾದ ಮರವನ್ನು ವೆಚ್ಚಮಾಡಿದ್ದರು. ಇದನ್ನು ಯಾವ ಅಂಕಣದಲ್ಲಿ ಬರೆಯಬೇಕೋ ನನಗೆ ತಿಳಿಯದು.

ಕಡೆಯವರಿಗೆ ಏನಾಯಿತು? ಯುದ್ಧದಲ್ಲಿ ಅಳಿದರೆಂಬುದಕ್ಕೆ ದೃಢವಾದ ಸಾಕ್ಷ್ಯವಿಲ್ಲ. ಹಾಳುಮನೆಗಳಲ್ಲಿ ಬೆಲೆಬಾಳುವ ಸಾಮಾನುಗಳು ಹೆಚ್ಚಾಗಿ ದೊರೆಯದಿರುವುದರಿಂದ, ಹರೆಯದವರು ಒಬ್ಬೊಬ್ಬರಾಗಿ ಸಿಕ್ಕಿದ ಹಡಗಿನಲ್ಲಿ ಐಸ್ಲೆಂಡಿಗೋ ನಾರ್ವೇಗೋ ಹೊರಟುಹೋದರೆಂದೂ, ಮಹಾಮಾರಿಯ ತರುವಾಯ ಅಲ್ಲಿ ಒಡೆಯರಿಲ್ಲದ ಹೊಲಮನೆಗಳು ಬೇಕಾದಷ್ಟಿದ್ದವೆಂದೂ ಅನೇಕರು ಊಹಿಸುತ್ತಾರೆ. ಇದು ಯುಕ್ತಿಯುಕ್ತವಾಗಿದೆ. ಸಣ್ಣ ಊರಿನಿಂದ ವರ್ಷಕ್ಕೆ ಐದಾರು ಜನ ತರುಣರು ಹೋದರೆ ಸಾಕು. ಉಳಿದ ಮುದುಕರಿಗೆ ದೋಣಿಯನ್ನು ನೀರಿಗಿಳಿಸುವುದೂ ಆಗದು. ನಮ್ಮ ಜಿಲ್ಲೆಯ ಬೆಟ್ಟದ ಮೇಲಿನ ಹಳ್ಳಿಗಳನ್ನು ಬಲ್ಲವರಿಗೆ ಇದನ್ನು ವಿಸ್ತರಿಸಿ ಹೇಳಬೇಕಾದುದಿಲ್ಲ. ೧೭೨೧ರಲ್ಲಿ ಹಾನ್ಸ್ ಎಗೆಡೆ ಎಂಬ ನಾರ್ವೇಯ ಪಾದ್ರಿಯು ಈ ಕಳೆದುಹೋದ ಜನರನ್ನು ಹುಡುಕಿಕೊಂಡು ಗ್ರೀನ್ಲೆಂಡಿಗೆ ಹೋದಾಗ ಅವನಿಗೆ ಕಂಡವರು ಇನೂಯಿಟ್ ಜನರು ಮಾತ್ರ. ಎರಿಕನ ಹುಲ್ಲುಗಾವಲಿನಲ್ಲಿ ಮತ್ತೆ ಕುರಿಗಳು ಮೇಯತೊಡಗಿದುದು ೧೯೨೪ರಲ್ಲಿ. ಇಂದು ಸುಮಾರು ೫೭,೦೦೦ ಜನರಿರುವ ಆ ದೇಶದ ಸರಕಾರದ ವರಮಾನದಲ್ಲಿ ಹೆಚ್ಚುಕಡಮೆ ಅರ್ಧವು ಡೆನ್ಮಾರ್ಕಿನಿಂದ ಬರುತ್ತದೆ. ಹಡಗಿನ ಸಮಸ್ಯೆಯು ಇನ್ನೊಂದು ರೂಪದಲ್ಲಿ ಉಳಿದಿದೆಯೆನ್ನಬಹುದು.

ಆ ಹಳೆಯ ಗ್ರೀನ್ಲೆಂಡಿನ ವಿಷಯದಲ್ಲಿ ನಮಗೆ ದೊರೆತಿರುವ ಕಡೆಯ ಲಿಖಿತಸಾಕ್ಷ್ಯವು ಒಂದು ಮದುವೆಯದು. ೧೪೦೬ರಲ್ಲಿ ದಾರಿತಪ್ಪಿದ ಹಡಗೊಂದರಲ್ಲಿ ಐಸ್ಲೆಂಡಿನ ಕೆಲವರು ಅಲ್ಲಿಗೆ ಬಂದು ನಾಲ್ಕು ವರ್ಷ ನಿಂತರು. ಅವರಲ್ಲಿ ಥೋರ್‌ಸ್ಟೈನ್ ಎಂಬುವನು ೧೪೦೮ರ ಸೆಪ್ಟೆಂಬರಿನಲ್ಲಿ, ವಿಜಯನಗರದಲ್ಲಿ ಒಂದನೆಯ ದೇವರಾಯನು ಆಳುತ್ತಿದ್ದ ಕಾಲದಲ್ಲಿ, ಹ್ವಾಲ್ಸೆ ದೇವಾಲಯದಲ್ಲಿ ಸಿಗ್ರಿಡ್ ಎಂಬುವಳ ಕೈಹಿಡಿದನು. ಕ್ರಮದಂತೆ ಮೂರು ಭಾನುವಾರ ಮದುವೆಯ ಪ್ರಕಟನೆ ನಡೆದಿದ್ದಿತು, ಬಹುಜನರು ನೆರೆದಿದ್ದರು. ಹಿಂದಿನ ವರ್ಷವೇ ಕೋಲ್‌ಗ್ರಿಮ್ ಎಂಬುವನನ್ನು, ಮಾಟದಿಂದ ಪರಸತಿಯನ್ನು ವಶಮಾಡಿಕೊಂಡನೆಂಬ ಅಪರಾಧಕ್ಕಾಗಿ, ಅದೇ ನಾಡಿನಲ್ಲಿ ಬೆಂಕಿಗೆ ಹಾಕಿದ್ದರು. ಧರ್ಮವೂ ನ್ಯಾಯಸ್ಥಾನವೂ ಒಳ್ಳೆಯದಕ್ಕೂ ಕೆಟ್ಟದಕ್ಕೂ ಎಂದಿನಂತೆ ನಡೆಯುತ್ತಲೇ ಇದ್ದವು. ದಂಪತಿಗಳು ೧೪೧೦ರಲ್ಲಿ ಹೊರಟುಹೋಗಿ ಕಡೆಗೆ ಐಸ್ಲೆಂಡಿನಲ್ಲಿ ನೆಲಸಿದರು. ಮದುವೆಯು ಸಕ್ರಮವಾದುದೆಂಬುದಕ್ಕೆ ಅವರಿಗೆ ಪ್ರಮಾಣ ಬೇಕಾಗಿದ್ದಿತು. ಗಾರ್ಡರಿನ ಪುರೋಹಿತನು ೧೪೦೯ರಲ್ಲಿ ಬರೆದುಕೊಟ್ಟ ಒಂದು ಪತ್ರ, ಮದುವೆಗೆ ಬಂದಿದ್ದವರು ೧೪೧೪ರಲ್ಲಿ ಹೇಳಿದ ಒಂದು ಸಾಕ್ಷ್ಯ, ೧೪೨೪ರಲ್ಲಿ ಇನ್ನೊಂದು. ಹದಿನಾರು ವರ್ಷಗಳ ತರುವಾಯವೂ ಆ ದಿನ ದೇವಾಲಯದಲ್ಲಿ ತಾವು ಇದ್ದುದಾಗಿ ಅವರು ಪ್ರಮಾಣಮಾಡಿ ಹೇಳಿದರು. ಹ್ವಾಲ್ಸೆಯ ಕಲ್ಲಿನ ಗೋಡೆಗಳು ಇಂದಿಗೂ ನಿಂತಿವೆ, ಚಾವಣಿಯಿಲ್ಲ.